ಕತ್ತಿ ಹಿಡಿದವನ ಒಳಮಾತು

(ವಾಚನಾ ವಾರಾಚರಣೆಯ ಅಂಗವಾಗಿ ಕುಂಬಳೆ ಸಮೀಪದ ಗ್ರಂಥಾಲಯವೊಂದರಲ್ಲಿ ನೀಡಿದ ಉಪನ್ಯಾಸ)

ವೇದಿಕೆಯಲ್ಲಿರುವ ಹಿರಿಯರಿಗೆ, ಗ್ರಂಥಾಲಯದ ಕಾರ್ಯಕರ್ತರಿಗೆ, ಈ ಮಳೆಯಲ್ಲೂ ಬಂದು ಕೂತ ಕಾಲೇಜು ಮಕ್ಕಳಿಗೆ ನಮಸ್ಕಾರ.

ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ರಿಂದ ಕೇರಳದ ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ವಾಚನಾ ವಾರ ನಡೆಯುತ್ತದೆ. ನಮ್ಮ ಗಡಿನಾಡಿನ ಕನ್ನಡ ವೇದಿಕೆಗಳಲ್ಲಿ ಆಗ ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ, ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆ ಮಾತಾಡುವುದು ರೂಢಿ. ಅದು ಆಗಲೇಬೇಕಾದ ಕೆಲಸ. ಇವತ್ತು ನಾನು ಹೇಳಲಿಕ್ಕೆ ಹೊರಟದ್ದು ಇಂಗ್ಲೆಂಡಿನ ಲೇಖಕನೊಬ್ಬನ ಫ್ಯಾಂಟಸಿ ಸರಣಿಯ ಬಗ್ಗೆ. ಇಂಥ ವಿಷಯಕ್ಕೂ ಒಂದು ಸಂಜೆ ಕೊಟ್ಟ ನಿಮಗೆ ನಾನು ಕೃತಜ್ಞ. ನನಗೆ ಅಷ್ಟು ಇಷ್ಟವಾದ ಪುಸ್ತಕಗಳು ಅವು.

ಸರಣಿಯ ಹೆಸರು ‘ದಿ ಫಸ್ಟ್ ಲಾ’. ಬರೆದವರು ಜೋ ಅಬರ್‌ಕ್ರಾಂಬಿ. ಮೊದಲ ಮೂರು ಪುಸ್ತಕಗಳು 2006, 2007, 2008ರಲ್ಲಿ ಒಂದರ ಹಿಂದೆ ಒಂದು ಬಂದವು: ‘ದಿ ಬ್ಲೇಡ್ ಇಟ್‌ಸೆಲ್ಫ್’, ‘ಬಿಫೋರ್ ದೇ ಆರ್ ಹ್ಯಾಂಗ್ಡ್’, ‘ಲಾಸ್ಟ್ ಆರ್ಗ್ಯುಮೆಂಟ್ ಆಫ್ ಕಿಂಗ್ಸ್’. ಈತ ಓದಿದ್ದು ಮನಶ್ಶಾಸ್ತ್ರ, ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಫಿಲ್ಮ್ ಎಡಿಟಿಂಗ್. ಈ ಎರಡೂ ಬರಹದಲ್ಲಿ ಕಾಣುತ್ತವೆ. ದೃಶ್ಯವನ್ನು ಎಲ್ಲಿ ಕತ್ತರಿಸಬೇಕು ಎಂಬುದು ಆತನಿಗೆ ಚೆನ್ನಾಗಿ ಗೊತ್ತು.

ಫ್ಯಾಂಟಸಿ ಎಂದರೆ ನಮಗೆ ನೆನಪಾಗುವುದು ಟಾಲ್ಕಿನ್‌ನ ಉಂಗುರದ ಕತೆ, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಅದು ಬಂದದ್ದು 1954–55ರಲ್ಲಿ. ಅಲ್ಲಿ ಕತ್ತಲೆ ಬಹುಮಟ್ಟಿಗೆ ಒಂದು ದಿಕ್ಕಿನಲ್ಲಿದೆ, ಬೆಳಕು ಇನ್ನೊಂದು ದಿಕ್ಕಿನಲ್ಲಿ. ಆಮೇಲೆ ಬೇರೆ ದಾರಿ ಹಿಡಿದವರು ಬಂದರು. 1996ರಲ್ಲಿ ಜಾರ್ಜ್ ಮಾರ್ಟಿನ್ ಶುರು ಮಾಡಿದ ಸರಣಿ ಟಿವಿಯ ‘ಗೇಮ್ ಆಫ್ ಥ್ರೋನ್ಸ್’‌ನಿಂದಾಗಿ ನಿಮಗೆಲ್ಲ ಗೊತ್ತು. ಅದರ ಬಗ್ಗೆ ಇವತ್ತು ಮಾತಾಡುವುದಿಲ್ಲ. ಅದಕ್ಕೆ ಮಾತಾಡುವವರು ಬೇಕಾದಷ್ಟಿದ್ದಾರೆ.

‘ದಿ ಬ್ಲೇಡ್ ಇಟ್‌ಸೆಲ್ಫ್’ ಶುರುವಾಗುವುದು ಕಾಡಿನಲ್ಲಿ. ಲೋಗನ್ ಎಂಬವನನ್ನು ಅಟ್ಟಿಸಿಕೊಂಡು ಬರುತ್ತಿದ್ದಾರೆ. ಅವನಿಗೆ ಕೈಯಲ್ಲಿ ಒಂಬತ್ತೇ ಬೆರಳು. ಓಡಿ ಓಡಿ, ಹೊಡೆದಾಡಿ, ಪ್ರಪಾತದಿಂದ ಕೆಳಗೆ ಬೀಳುತ್ತಾನೆ. ಆ ಅಧ್ಯಾಯದ ಹೆಸರೇ ‘ಅಂತ್ಯ’. ಹೇಗೋ ಬದುಕಿ ಉಳಿದು ತನ್ನವರು ಬೀಡುಬಿಟ್ಟಿದ್ದ ಜಾಗಕ್ಕೆ ಬಂದರೆ ಅಲ್ಲಿ ಯಾರೂ ಇಲ್ಲ. ಸತ್ತರೋ, ತಪ್ಪಿಸಿಕೊಂಡರೋ ತಿಳಿಯದು. ಉಳಿದದ್ದು ಅಡುಗೆಯ ಒಂದು ಹಳೆಯ ಪಾತ್ರೆ. ಯುದ್ಧದಿಂದ ಯುದ್ಧಕ್ಕೆ ಅವನ ಜೊತೆ ತಿರುಗಿದ ಪಾತ್ರೆ. ಎಲ್ಲರೂ ಅದರಲ್ಲೇ ಬೇಯಿಸಿ ಅದರಿಂದಲೇ ಉಂಡವರು. ಅದನ್ನು ನೋಡಿ ಅವನು ಆ ಗೆಳೆಯರನ್ನು ಹೆಸರು ಹಿಡಿದು ನೆನೆಯುತ್ತಾನೆ.

ಆ ಸೀಮೆಯಲ್ಲಿ ಲೋಗನ್‌ನ ಹೆಸರು ಕೇಳಿದರೆ ಜನ ನಡುಗುತ್ತಾರೆ. ಹೊಡೆದಾಟದ ಉನ್ಮಾದ ಏರಿದರೆ ಎದುರಿಗಿರುವುದು ಶತ್ರುವೋ ಮಿತ್ರನೋ ಎಂಬ ಪರಿವೆ ಇಲ್ಲದೆ ಕೊಲ್ಲುವವನು. ಅದು ನಮಗೆ ತಿಳಿಯುವುದು ಬಹಳ ತಡವಾಗಿ. ಅಷ್ಟರಲ್ಲಿ ಆ ಪಾತ್ರೆಯ ನೆಪದಲ್ಲಿ ನಾವು ಅವನನ್ನು ಹಚ್ಚಿಕೊಂಡಾಗಿರುತ್ತದೆ. ಕೊಲೆಗಾರನೆಂದು ಮೊದಲೇ ತಿಳಿದಿದ್ದರೆ ಅವನ ಮಾತು ಕೇಳುವ ತಾಳ್ಮೆ ನಮಗೆ ಇರುತ್ತಿತ್ತೇ? ನನಗೆ ಇರುತ್ತಿರಲಿಲ್ಲ.

ಲೋಗನ್‌ಗೆ ತಾನು ಬದಲಾಗಬೇಕೆಂದು ಆಸೆ ಇದೆ. ಅದು ನಟನೆಯಲ್ಲ. ಮೂರು ಪುಸ್ತಕಗಳ ಉದ್ದಕ್ಕೂ ಆಸೆಪಡುತ್ತಾನೆ, ಪ್ರಯತ್ನಿಸುತ್ತಾನೆ, ಮತ್ತೆ ಕತ್ತಿ ಎತ್ತುತ್ತಾನೆ. ಈ ಬಗೆಯ ಪುಸ್ತಕಗಳನ್ನು ‘ಗ್ರಿಮ್‌ಡಾರ್ಕ್’, ಅಂದರೆ ಕ್ರೌರ್ಯ, ಕತ್ತಲೆಯ ಫ್ಯಾಂಟಸಿ ಎಂದು ಒಂದು ಚೀಲಕ್ಕೆ ತುಂಬಿ, ರಕ್ತ ಮತ್ತು ಬೈಗುಳ ಬಿಟ್ಟರೆ ಇವುಗಳಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ನಾನು ಕೊಡುವ ಉತ್ತರ ಇದೇ: ಒಳ್ಳೆಯವನಾಗಬೇಕೆಂಬ ಹಂಬಲ ಇದೆ, ಅದು ಕೈಗೂಡದ ಸಂಕಟ ಇದೆ. ಒಳಿತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಸಾಹಸಕತೆಗಳನ್ನು ನಾನು ಹೆಚ್ಚು ಓದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಕಾಲಮ್ ವೆಸ್ಟ್ ಎಂಬ ಸೇನಾಧಿಕಾರಿ ಇದ್ದಾನೆ. ಶ್ರೀಮಂತ ಮನೆತನದವರೇ ಮೇಲೆ ಹೋಗುವ ಸೇನೆಯಲ್ಲಿ ಸಾಮಾನ್ಯರ ಮಗ ಸ್ವಂತ ಯೋಗ್ಯತೆಯಿಂದ ಮೇಲೆ ಬಂದವನು. ಧೈರ್ಯಸ್ಥ, ಕರ್ತವ್ಯನಿಷ್ಠ. ಇಡೀ ಪುಸ್ತಕದಲ್ಲಿ ಒಬ್ಬನನ್ನಾದರೂ ನಂಬಬಹುದು ಎಂದರೆ ಇವನನ್ನೇ ಎಂದು ಅನಿಸುತ್ತದೆ. ಇವನಿಗೆ ಆರ್ಡೀ ಎಂಬ ತಂಗಿ. ಬುದ್ಧಿವಂತೆ, ಬಾಯಿ ಸ್ವಲ್ಪ ಜೋರು, ಕುಡಿತದ ಚಟ. ಸಣ್ಣವರಿದ್ದಾಗ ಅಪ್ಪ ಹೊಡೆಯುತ್ತಿದ್ದ. ಅಣ್ಣ ಸೇನೆಗೆ ಸೇರಿ ಹೊರಟುಹೋದ; ತಂಗಿ ಆ ಮನೆಯಲ್ಲೇ ಉಳಿದಳು. ಮುಂದೆ ಒಂದು ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ಅಣ್ಣ ತಂಗಿಯ ಮೇಲೆ ಕೈ ಮಾಡುತ್ತಾನೆ. ನಾವು ನಂಬಿದ್ದ ವೆಸ್ಟ್.

ಇಲ್ಲಿ ಲೇಖಕ ಏನನ್ನೂ ವಿವರಿಸುವುದಿಲ್ಲ. ಪಾಪ, ಯುದ್ಧದ ನೋವು, ತಲೆನೋವು ಎಂದು ವೆಸ್ಟ್‌ನ ಪರ ವಾದಿಸುವುದಿಲ್ಲ. ಇವನು ದುಷ್ಟ ಎಂದು ಬೆರಳು ತೋರಿಸುವುದೂ ಇಲ್ಲ. ಮುಂದಿನ ಪುಸ್ತಕದಲ್ಲಿ ಅದೇ ವೆಸ್ಟ್ ಹಿಮದಲ್ಲಿ, ಹಸಿವಿನಲ್ಲಿ ಇತರರ ಜೀವ ಉಳಿಸಲು ಒದ್ದಾಡುವುದನ್ನು ಓದುವಾಗ ಆ ಏಟು ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ಅವನ ಮನಸ್ಸಿನಿಂದಲೂ ಹೋಗುವುದಿಲ್ಲ. ಕತ್ತಿಯಿಂದ ನೂರು ಜನ ಸಾಯುವ ಕತೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಒಂದು ಮನೆಯೊಳಗಿನ ಈ ಏಟು. ನಮ್ಮ ಊರುಗಳಲ್ಲಿ ಹೊರಗೆ ಮರ್ಯಾದಸ್ಥರೆನಿಸಿಕೊಂಡು ಒಳಗೆ ಕೈ ಮಾಡುವವರು ಇಲ್ಲವೇ? ಇದ್ದಾರೆ. ಅವರ ಬಗ್ಗೆ ಯಾವ ರೀತಿ ಯೋಚಿಸಬೇಕೆಂದು ನನಗೆ ಕಲಿಸಿದ ಬರಹಗಳಲ್ಲಿ ಇದು ಒಂದು.

ಇನ್ನು ಗ್ಲೋಕ್ಟ. ಇವನನ್ನು ನಿಮಗೆ ಪರಿಚಯಿಸಲಿಕ್ಕಾಗಿಯೇ ನಾನು ಬಂದೆ ಎಂದರೂ ಸರಿ. ಒಂದು ಕಾಲದಲ್ಲಿ ಕತ್ತಿವರಸೆಯ ಚಾಂಪಿಯನ್, ಸುಂದರಾಂಗ, ಅಹಂಕಾರಿ. ಯುದ್ಧದಲ್ಲಿ ಸೆರೆಸಿಕ್ಕು ಎರಡು ವರ್ಷ ಶತ್ರುಗಳ ಸೆರೆಮನೆಯಲ್ಲಿ ಚಿತ್ರಹಿಂಸೆ. ಹಲ್ಲುಗಳನ್ನು ಹೇಗೆ ಕಿತ್ತಿದ್ದಾರೆಂದರೆ, ಮೇಲಿನದು ಉಳಿದ ಕಡೆ ಕೆಳಗಿನದಿಲ್ಲ, ಕೆಳಗಿನದು ಉಳಿದ ಕಡೆ ಮೇಲಿನದಿಲ್ಲ. ಹಲ್ಲಿದ್ದೂ ಜಗಿಯಲಾಗದು. ಮೆಟ್ಟಿಲು ಕಂಡರೆ ಅವನಿಗೆ ನಡುಕ. ಊರಿಗೆ ಮರಳಿ ಅವನು ಹಿಡಿದ ಕೆಲಸ ಯಾವುದು? ವಿಚಾರಣಾಧಿಕಾರಿಯದು. ತನಗೆ ಮಾಡಿದ್ದನ್ನೇ ಇತರರಿಗೆ ಮಾಡುವುದು.

ಮಳೆಗಾಲದ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ತಾಳಮದ್ದಳೆಯ ಕಾಲ, ಕೂತಲ್ಲೇ ಪಾತ್ರದ ಮಾತು ಆಡುವ, ಅಂದರೆ ‘ಅರ್ಥ’ ಹೇಳುವ ಕಾಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಿಮಗೆ ನಾನು ವಾಲಿವಧೆಯ ಕತೆ ಹೇಳಬೇಕಾಗಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕುರುಳಿದ ವಾಲಿ ಪ್ರಶ್ನಿಸುವಾಗ ಇಡೀ ಸಭೆ ಉಸಿರು ಬಿಗಿಹಿಡಿದು ಕೇಳುತ್ತದೆ. ಕೇಳುವವರು ರಾಮಭಕ್ತರೇ, ಆದರೂ ವಾಲಿಯ ಮಾತಿಗೆ ತಲೆದೂಗುತ್ತಾರೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ರಾವಣನನ್ನು ಕೇಳಿದ ಹಿರಿಯರು ಇವತ್ತಿಗೂ ಅದನ್ನೇ ಹೇಳಿಕೊಳ್ಳುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ತಪ್ಪು ಮಾಡಿದವನಿಗೂ ತನ್ನ ಪರವಾಗಿ ಹೇಳಲಿಕ್ಕಿದೆ, ಅದನ್ನು ಪೂರ್ತಿ ಕೇಳಬೇಕು ಎಂಬ ಶಿಸ್ತು ಮಾತ್ರ. ಈ ಶಿಸ್ತು ಇರುವ ಊರಿಗೆ ‘ಫಸ್ಟ್ ಲಾ’ ಹೊರಗಿನದಾಗಲು ಸಾಧ್ಯವೇ ಇಲ್ಲ.

ಗ್ಲೋಕ್ಟನಲ್ಲಿ ಒಂದು ವ್ಯತ್ಯಾಸ ಇದೆ. ವಾಲಿ ಸಭೆಗೆ ಕೇಳುವಂತೆ ವಾದಿಸುತ್ತಾನೆ. ಗ್ಲೋಕ್ಟ ವಾದಿಸುವುದು ತನ್ನೊಳಗೆ. ಮೇಲಧಿಕಾರಿಯ ಎದುರು ತಲೆಬಾಗಿ ‘ಆಗಬಹುದು’ ಎನ್ನುತ್ತಾನೆ. ಅದರ ಮುಂದೆಯೇ ಓರೆ ಅಕ್ಷರಗಳಲ್ಲಿ ಅವನ ಮನಸ್ಸಿನ ಮಾತು ಅಚ್ಚಾಗಿರುತ್ತದೆ. ಅದು ಚುಚ್ಚುತ್ತದೆ, ಅಣಕಿಸುತ್ತದೆ, ಕೆಲವೊಮ್ಮೆ ಎದುರಿಗಿರುವ ಕೈದಿಗಾಗಿ ಮರುಗುತ್ತದೆ. ನಾನು ಇದನ್ನೇಕೆ ಮಾಡುತ್ತಿದ್ದೇನೆ ಎಂದು ಮತ್ತೆ ಮತ್ತೆ ತನ್ನನ್ನೇ ಕೇಳಿಕೊಳ್ಳುತ್ತಾನೆ, ಉತ್ತರ ಸಿಗುವುದಿಲ್ಲ. ಕೆಲಸ ನಿಲ್ಲುವುದೂ ಇಲ್ಲ. ನಾಲಿಗೆಗೂ ಮನಸ್ಸಿಗೂ ನಡುವಿನ ಆ ಅಂತರದಲ್ಲಿ ಅಬರ್‌ಕ್ರಾಂಬಿ ಒಂದು ಇಡೀ ಜೀವವನ್ನು ಇಟ್ಟಿದ್ದಾನೆ. ಅವನು ಮಾಡುವ ಕೆಲಸಕ್ಕೆ ಕ್ಷಮೆ ಇಲ್ಲ ಎಂದು ನನಗೆ ಗೊತ್ತು. ಆದರೂ ಅವನ ಅಧ್ಯಾಯ ಯಾವಾಗ ಬರುತ್ತದೆಂದು ಕಾದು ಕೂತಿರುತ್ತೇನೆ.

ಮಂತ್ರವಾದಿಯೂ ಒಬ್ಬ ಇದ್ದಾನೆ, ಬಯಾಜ್. ಬಿಳಿ ಗಡ್ಡ ಇಳಿಬಿಟ್ಟ ಜ್ಞಾನವೃದ್ಧ ಎಂದುಕೊಂಡು ಹೋದರೆ ಎದುರಾಗುವವನು ಬೋಳುತಲೆಯ ದಪ್ಪ ಮನುಷ್ಯ. ಅವನ ಬಗ್ಗೆ ಇಷ್ಟೇ ಹೇಳುತ್ತೇನೆ: ಗುರು ಎಂದು ಹಿಂದೆ ಹೋಗುವ ಮೊದಲು ಅವರ ಲೆಕ್ಕಪುಸ್ತಕ ನೋಡಿ.

ದೋಷಗಳಿಲ್ಲವೇ? ಇವೆ. ಮೊದಲ ಮೂರು ಪುಸ್ತಕಗಳಲ್ಲಿ ಆರ್ಡೀ ಮತ್ತು ಫೆರೋ ಎಂಬ ಇಬ್ಬರನ್ನು ಬಿಟ್ಟರೆ ಗಟ್ಟಿಯಾದ ಹೆಣ್ಣು ಪಾತ್ರಗಳು ಹೆಚ್ಚಿಲ್ಲ. ಮೊದಲ ಪುಸ್ತಕದಲ್ಲಿ ಕತೆ ಎಲ್ಲಿಗೆ ಹೊರಟಿದೆ ಎಂದು ತಿಳಿಯುವುದೇ ನಿಧಾನ. ಹಿಂಸೆಯ ದೃಶ್ಯಗಳು ನಿಜಕ್ಕೂ ಹಿಂಸೆಯ ದೃಶ್ಯಗಳೇ. ಹೈಸ್ಕೂಲ್ ಮಕ್ಕಳಿಗೆ ನಾನು ಇದನ್ನು ಕೊಡುವುದಿಲ್ಲ. ಡಿಗ್ರಿ ತರಗತಿಯವರು ಓದಲಿ. ಎರಡನೆಯ ಪುಸ್ತಕದಲ್ಲಿ ಒಂದು ತಂಡ ಲೋಕದ ಅಂಚಿನವರೆಗೆ ಪ್ರಯಾಣ ಮಾಡಿ, ಹುಡುಕಿದ್ದು ಸಿಗದೆ, ಬರಿಗೈಯಲ್ಲಿ ಮರಳುತ್ತದೆ. ಕತೆ ಬಿಟ್ಟುಕೊಟ್ಟದ್ದಕ್ಕೆ ಕ್ಷಮಿಸಿ. ಹಲವರಿಗೆ ಇದು ಮೋಸ ಅನಿಸಿದೆ. ನನಗೆ ಆ ಪ್ರಯಾಣವೇ ಸರಣಿಯ ಹೃದಯ ಎನಿಸುತ್ತದೆ. ಜೆಜಾಲ್ ಎಂಬ ಸೊಕ್ಕಿನ ತರುಣ ಮುಖ ಒಡೆದುಕೊಂಡು ಮಾತಾಡಲೂ ಆಗದೆ ಬಿದ್ದಿರುವಾಗ ಅವನಿಗೆ ಧೈರ್ಯ ತುಂಬುವವನು ಒಂಬತ್ತು ಬೆರಳಿನ ಆ ಕೊಲೆಗಾರ.

ಮೂರು ಮುಗಿಸಿದವರು 2011ರಲ್ಲಿ ಬಂದ ‘ದಿ ಹೀರೋಸ್’ ಓದಿ. ಒಂದು ಗುಡ್ಡ, ಅದರ ಮೇಲೆ ವೃತ್ತಾಕಾರವಾಗಿ ನಿಂತ ಕಲ್ಲುಗಳು, ಅದಕ್ಕಾಗಿ ಮೂರು ದಿನದ ಯುದ್ಧ. ಅದರ ಒಂದು ಅಧ್ಯಾಯದಲ್ಲಿ ಒಬ್ಬ ಸೈನಿಕನ ಮನಸ್ಸಿನೊಳಗಿಂದ ಓದುತ್ತಿರುತ್ತೇವೆ. ಅವನ ಆಸೆ, ಅವನ ಭಯ ತಿಳಿಯುತ್ತದೆ. ಅಷ್ಟರಲ್ಲಿ ಒಬ್ಬ ಬಂದು ಅವನನ್ನು ಕೊಲ್ಲುತ್ತಾನೆ. ಮರುಕ್ಷಣ ನಾವು ಕೊಂದವನ ಮನಸ್ಸಿನೊಳಗೆ ಇದ್ದೇವೆ. ಅವನಿಗೂ ಅವನದೇ ಚಿಂತೆಗಳು. ಆಮೇಲೆ ಅವನನ್ನು ಇನ್ನೊಬ್ಬ ಕೊಲ್ಲುತ್ತಾನೆ. ಹೀಗೆ ಸಾವಿನಿಂದ ಸಾವಿಗೆ ಕತೆ ಕೈ ಬದಲಾಯಿಸುತ್ತದೆ. ಯಾರನ್ನು ದ್ವೇಷಿಸಬೇಕೆಂದು ನಿರ್ಧರಿಸುವ ಮೊದಲೇ ಆತನ ಮನೆಯ ವಿಷಯ ನಮಗೆ ತಿಳಿದುಬಿಟ್ಟಿರುತ್ತದೆ. ಯುದ್ಧದ ಬಗ್ಗೆ ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಮೂರು ಪುಸ್ತಕಗಳ ನನ್ನ ಪ್ರತಿಗಳನ್ನು ಇಲ್ಲಿಯ ಕಪಾಟಿಗೆ ಕೊಟ್ಟಿದ್ದೇನೆ. ಇಂಗ್ಲಿಷ್ ಮೊದಲ ಐವತ್ತು ಪುಟ ಸ್ವಲ್ಪ ಒರಟು ಅನಿಸಬಹುದು, ಬಿಡಬೇಡಿ. ನನ್ನದೊಂದು ಕೋರಿಕೆ ಇದೆ: ಓದಿದವರೆಲ್ಲ ಆಟಿ ತಿಂಗಳು ಮುಗಿಯುವುದರೊಳಗೆ ಇಲ್ಲೇ ಒಂದು ಸಂಜೆ ಸೇರೋಣ. ಭಾಗವತಿಕೆ ಬೇಡ, ಮದ್ದಳೆ ಬೇಡ. ಒಬ್ಬರು ಗ್ಲೋಕ್ಟನ ಅರ್ಥ ಹೇಳಲಿ, ಒಬ್ಬರು ವೆಸ್ಟ್‌ನದ್ದು. ಆರ್ಡೀಯದ್ದನ್ನು ಹೇಳುವವರು ಚೆನ್ನಾಗಿ ಸಿದ್ಧರಾಗಿ ಬರಬೇಕು, ಅಣ್ಣನ ಎದುರು ಅವಳಿಗೆ ಕೇಳಲಿಕ್ಕೆ ಬಹಳ ಇದೆ.