ಉಳಿದದ್ದು ಮನೆಯೋ, ಸಾಲಪತ್ರವೋ?

ಸಭಿಕರೇ,

2009ರ ಫೆಬ್ರವರಿ 19ರಂದು ಷಿಕಾಗೋದ ಸರಕು ವಿನಿಮಯ ಕೇಂದ್ರದ ಅಂಗಳದಲ್ಲಿ ನಿಂತು ವರದಿ ಮಾಡುತ್ತಿದ್ದ ರಿಕ್ ಸ್ಯಾಂಟೆಲ್ಲಿ ಎಂಬ ಟೀವಿ ವರದಿಗಾರರು ಸುತ್ತಲಿನ ವ್ಯಾಪಾರಿಗಳತ್ತ ತಿರುಗಿ, ಹೆಚ್ಚುವರಿ ಬಚ್ಚಲುಮನೆಯಿರುವ ಮನೆ ಕೊಂಡು ಈಗ ಬಾಕಿ ಕಟ್ಟಲಾಗದೆ ಕುಳಿತ ನೆರೆಯವನ ಸಾಲವನ್ನು ತೀರಿಸಲು ನಿಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೀರಿ ಎಂದು ಕೂಗಿ ಕೇಳಿದರು. ಅಂಗಳದ ತುಂಬ ಛೀಮಾರಿಯ ಸದ್ದೆದ್ದಿತು. ಹಿಂದಿನ ದಿನವಷ್ಟೇ ಅಧ್ಯಕ್ಷ ಒಬಾಮಾ ಅವರು ಮನೆಸಾಲದ ಕಂತು ಕಟ್ಟಲಾರದ 30ರಿಂದ 40 ಲಕ್ಷ ಕುಟುಂಬಗಳಿಗಾಗಿ 7,500 ಕೋಟಿ ಡಾಲರಿನ ಯೋಜನೆಯನ್ನು ಪ್ರಕಟಿಸಿದ್ದರು. ಅದಕ್ಕೂ ಮೊದಲು, 2008ರ ಸೆಪ್ಟೆಂಬರ್ 29ರಂದು, ಮುಳುಗುತ್ತಿದ್ದ ಹಣಕಾಸು ಸಂಸ್ಥೆಗಳನ್ನು ಉಳಿಸಲು ತಂದಿದ್ದ 70,000 ಕೋಟಿ ಡಾಲರಿನ ಮಸೂದೆಯನ್ನು ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆ 228–205 ಮತಗಳಿಂದ ತಳ್ಳಿಹಾಕಿದಾಗ ಇದೇ ಹಣದ ಲೋಕ ಎದೆ ಬಡಿದುಕೊಂಡಿತ್ತು. ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ 777 ಅಂಶ ಕುಸಿದಿತ್ತು. ನಾಲ್ಕೇ ದಿನದಲ್ಲಿ ಮಸೂದೆ ಕಾಯ್ದೆಯಾಯಿತು.

ಅಮೆರಿಕದ ಗೃಹಸಾಲ ಮಾರುಕಟ್ಟೆಯನ್ನು ಸರ್ಕಾರ ಎತ್ತಿ ಹಿಡಿಯಬೇಕಾಗಿತ್ತೇ ಎಂಬ ಚರ್ಚೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಎತ್ತಿ ಹಿಡಿದದ್ದು ಯಾರನ್ನು ಎಂಬುದು. ಸಾಲಕ್ಕೆ ಎರಡು ತುದಿಗಳಿರುತ್ತವೆ. ಒಂದು ತುದಿಯಲ್ಲಿ ಮನೆಯಲ್ಲಿ ವಾಸಿಸುವವನಿದ್ದರೆ ಇನ್ನೊಂದು ತುದಿಯಲ್ಲಿ ಅವನ ಸಾಲಪತ್ರವನ್ನು ಕೈಯಲ್ಲಿ ಹಿಡಿದವನಿರುತ್ತಾನೆ.

ಎರಡನೆಯ ತುದಿಯ ದೊಡ್ಡ ಹೆಸರುಗಳೆಂದರೆ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್. 1938ರಲ್ಲಿ ಸರ್ಕಾರಿ ಸಂಸ್ಥೆಯಾಗಿ ಹುಟ್ಟಿದ ಫ್ಯಾನಿ ಮೇ 1968ರಲ್ಲಿ ಖಾಸಗಿ ಷೇರುದಾರರ ಪಾಲಾಯಿತು. ಎರಡು ವರ್ಷದ ನಂತರ ಫ್ರೆಡ್ಡಿ ಮ್ಯಾಕ್ ಬಂತು. ಇವು ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ; ಬ್ಯಾಂಕುಗಳು ಕೊಟ್ಟ ಸಾಲವನ್ನು ಕೊಂಡು, ಕಂತೆ ಕಟ್ಟಿ, ಸಾಲಗಾರ ಕಟ್ಟದಿದ್ದರೂ ಹಣ ಬರುತ್ತದೆಂಬ ತಮ್ಮ ಖಾತರಿಯೊಡನೆ ಬಾಂಡುಗಳಾಗಿ ಹೂಡಿಕೆದಾರರಿಗೆ ಮಾರುತ್ತವೆ. ಖಾತರಿಯ ಹಿಂದೆ ಸರ್ಕಾರವಿದೆಯೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರೂ ಹಾಗೆಂದೇ ನಂಬಿದ್ದರು. 2008ರ ಹೊತ್ತಿಗೆ 5 ಲಕ್ಷ ಕೋಟಿ ಡಾಲರಿಗೂ ಮಿಕ್ಕ ಸಾಲ ಈ ಎರಡು ಸಂಸ್ಥೆಗಳ ಹೆಗಲ ಮೇಲಿತ್ತು. ಸೆಪ್ಟೆಂಬರ್ 7ರಂದು ಸರ್ಕಾರ ಎರಡನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಖಜಾನೆಯಿಂದ ಸುಮಾರು 18,700 ಕೋಟಿ ಡಾಲರ್ ಹರಿದುಹೋಯಿತು. ಷೇರುದಾರರು ಬಹುಮಟ್ಟಿಗೆ ಮುಳುಗಿದರು. ಬಾಂಡು ಕೊಂಡವರಿಗೆ ಒಂದು ಸೆಂಟ್ ಕೂಡ ನಷ್ಟವಾಗಲಿಲ್ಲ.

ಈಗ ಮನೆಯ ತುದಿಗೆ ಬರೋಣ. ಉದಾಹರಣೆಗೆ, 2006ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬನು 3 ಲಕ್ಷ ಡಾಲರಿನ ಮನೆಯನ್ನು 2,85,000 ಡಾಲರ್ ಸಾಲದಿಂದ ಕೊಂಡನೆನ್ನಿ. ಮೊದಲ ಎರಡು ವರ್ಷ ಬಡ್ಡಿ ಕಡಿಮೆ, ಆಮೇಲೆ ಏರುತ್ತದೆ. ಅಷ್ಟರಲ್ಲಿ ಮನೆಯ ಬೆಲೆ ಅರ್ಧಕ್ಕಿಳಿಯುತ್ತದೆ. ಮಾರಿದರೆ ಸಾಲ ತೀರದು, ಬೇರೆ ಊರಿನಲ್ಲಿ ಕೆಲಸ ಸಿಕ್ಕರೂ ಹೊರಡುವಂತಿಲ್ಲ. ಸಾಲ ಕೊಟ್ಟ ಬ್ಯಾಂಕಿಗೆ ಹೋಗಿ ಮಾತಾಡೋಣವೆಂದರೆ ಬ್ಯಾಂಕು ಸಾಲವನ್ನು ಎಂದೋ ಮಾರಿಯಾಗಿದೆ. ಉಳಿದಿರುವುದು ಕಂತು ವಸೂಲಿಯ ಗುತ್ತಿಗೆ ಹಿಡಿದ ಕಂಪನಿ ಮಾತ್ರ. ಒಬಾಮಾ ಯೋಜನೆ ಈ ಕಂಪನಿಗಳಿಗೆ ಪ್ರೋತ್ಸಾಹಧನ ಕೊಟ್ಟು, ಕಂತು ಕುಟುಂಬದ ಮಾಸಿಕ ಆದಾಯದ ಶೇ. 31ನ್ನು ಮೀರದಂತೆ ಸಾಲವನ್ನು ತಿದ್ದಿಕೊಡಿ ಎಂದಿತು. ಸಂಬಳದ ಚೀಟಿ, ತೆರಿಗೆ ಪತ್ರ ಎಲ್ಲವನ್ನೂ ಫ್ಯಾಕ್ಸ್ ಮಾಡಿದವರಿಗೆ, ಕಾಗದಗಳು ಸಿಕ್ಕಿಲ್ಲ, ಮತ್ತೊಮ್ಮೆ ಕಳಿಸಿ ಎಂಬ ಉತ್ತರ ಬರುವುದು ಮಾಮೂಲಾಯಿತು. ಒಂದು ಮೇಜಿನಲ್ಲಿ ತಿದ್ದುಪಡಿಯ ಅರ್ಜಿ ಕಾಯುತ್ತಿದ್ದಾಗಲೇ ಪಕ್ಕದ ಮೇಜಿನಲ್ಲಿ ಅದೇ ಮನೆಯ ಹರಾಜಿಗೆ ಮುದ್ರೆ ಬೀಳುತ್ತಿತ್ತು. ಯೋಜನೆ 2016ರಲ್ಲಿ ಮುಗಿದಾಗ ಶಾಶ್ವತ ತಿದ್ದುಪಡಿ ಪಡೆದವರ ಸಂಖ್ಯೆ 20 ಲಕ್ಷವನ್ನೂ ಮುಟ್ಟಿರಲಿಲ್ಲ.

ಇದಕ್ಕಿಂತ ಬೇರೆ ದಾರಿ ಇರಲಿಲ್ಲವೇ ಎಂದರೆ, ಆ ದೇಶವೇ 1933ರಲ್ಲಿ ಬೇರೆ ದಾರಿ ಹಿಡಿದಿತ್ತು. ರೂಸ್‌ವೆಲ್ಟ್ ಸರ್ಕಾರ ಸ್ಥಾಪಿಸಿದ ಗೃಹಮಾಲೀಕರ ಸಾಲ ನಿಗಮವು ಯಾರನ್ನೂ ಪ್ರೋತ್ಸಾಹಧನದಿಂದ ಓಲೈಸದೆ, ಬಾಕಿಬಿದ್ದ ಸಾಲವನ್ನು ತಾನೇ ಕೊಂಡುಕೊಂಡಿತು. ಕೆಲವೇ ವರ್ಷಗಳಲ್ಲಿ ಇಡಿಯಾಗಿ ತೀರಿಸಬೇಕಿದ್ದ ಸಾಲವನ್ನು ಹದಿನೈದು ವರ್ಷದ ಸಮಕಂತಿಗೆ ಬದಲಿಸಿ, ಬಡ್ಡಿಯನ್ನು ಶೇ. 5ಕ್ಕೆ ಇಳಿಸಿತು. ಸುಮಾರು 10 ಲಕ್ಷ ಸಾಲಗಳನ್ನು ಹೀಗೆ ಹೊಸದಾಗಿ ಬರೆದು, ಅವುಗಳಲ್ಲಿ ಐದರಲ್ಲೊಂದರಷ್ಟು ಮನೆಗಳು ಕೊನೆಗೂ ಕೈತಪ್ಪಿದರೂ, 1951ರಲ್ಲಿ ಸಣ್ಣ ಲಾಭದೊಂದಿಗೆ ಬಾಗಿಲು ಮುಚ್ಚಿತು. ಅದನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು: ಕಪ್ಪುಜನರ ಕೇರಿಗಳನ್ನು ಅಪಾಯದ ಪ್ರದೇಶವೆಂದು ಕೆಂಪು ಬಣ್ಣದಲ್ಲಿ ಗುರುತಿಸಿದ ನಕಾಶೆಗಳನ್ನು ಮಾಡಿಸಿದ್ದೂ ಇದೇ ನಿಗಮ.

ಸರ್ಕಾರ ಕೈಹಿಡಿಯುತ್ತದೆಂದು ಗೊತ್ತಾದರೆ ಸಾಲಗಾರ ಬೇಕೆಂದೇ ಕಂತು ನಿಲ್ಲಿಸುತ್ತಾನೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ನಮ್ಮಲ್ಲಿ ರೈತರ ಸಾಲಮನ್ನಾ ಬಂದಾಗಲೆಲ್ಲ ಸಹಕಾರ ಸಂಘದ ಜಗಲಿಯ ಮೇಲೆ, ನಿಯತ್ತಾಗಿ ಕಟ್ಟಿದ ನಾವೇ ಪೆದ್ದರಾದೆವು ಎಂದು ಕೇಳಿಬರುವ ಮಾತೂ ಇದೇ. ನನ್ನ ತಕರಾರು ಆ ಭಯದ ಬಗ್ಗೆ ಅಲ್ಲ, ಅದನ್ನು ಎರಡು ತುದಿಗೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ ಎಂಬುದರ ಬಗ್ಗೆ.

2012ರ ಜುಲೈ 31ರಂದು, ಫ್ಯಾನಿ–ಫ್ರೆಡ್ಡಿಗಳ ಉಸ್ತುವಾರಿ ಹೊತ್ತಿದ್ದ ಸಂಸ್ಥೆಯ ಹಂಗಾಮಿ ಮುಖ್ಯಸ್ಥ ಎಡ್ವರ್ಡ್ ಡಿಮಾರ್ಕೊ ಅವರು, ಖಜಾನೆಯೇ ಹಣ ಕೊಡಲು ಮುಂದೆ ಬಂದಿದ್ದರೂ, ಸಾಲಗಾರರ ಅಸಲಿನಲ್ಲಿ ಕಡಿತ ಮಾಡಲು ಒಪ್ಪಲಿಲ್ಲ. ಬೇಕೆಂದೇ ಕಂತು ತಪ್ಪಿಸುವವರು ಹೆಚ್ಚಬಹುದೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಹದಿನೇಳು ದಿನಗಳ ನಂತರ, ಆಗಸ್ಟ್ 17ರಂದು, ಆ ಎರಡು ಸಂಸ್ಥೆಗಳ ಲಾಭವನ್ನು ಬಹುತೇಕ ಪೂರ್ತಿಯಾಗಿ ಖಜಾನೆಗೆ ಸೇರಿಸಿಕೊಳ್ಳುವ ಹೊಸ ಒಪ್ಪಂದ ಹೊರಬಿತ್ತು. ಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಹಣ ಹಾಗೆ ಮರಳಿ ಬಂತು. ಅಸಲು ಕಡಿತದ ಬಾಗಿಲು ತೆರೆದದ್ದು 2016ರ ಏಪ್ರಿಲ್‌ನಲ್ಲಿ, ಅದೂ ಸುಮಾರು 33,000 ಸಾಲಗಾರರಿಗೆ. ಅಷ್ಟರಲ್ಲಿ ಲಕ್ಷಾಂತರ ಮನೆಗಳಲ್ಲಿ ಬೇರೆಯವರು ಬಂದು ಸಂಸಾರ ಹೂಡಿಯಾಗಿತ್ತು.