ಡೊಂಬಿವಿಲಿ ಲೋಕಲ್‌ನಲ್ಲಿ ಕೆಂಡ್ರಿಕ್ ಲಮಾರ್

ಕೇಳುಗರೇ, ನಮಸ್ಕಾರ.

ಡೊಂಬಿವಿಲಿಯಲ್ಲಿ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಸ್ಲೋ ಲೋಕಲ್ ರೈಲು ಹತ್ತಿದರೆ ಇಳಿಯುವಷ್ಟರಲ್ಲಿ ಒಂದು ಆಲ್ಬಮ್ ಕೇಳಿ ಮುಗಿಸಬಹುದು. ಇದನ್ನು ನನಗೆ ಹೇಳಿದವನು ಅಕ್ಕನ ಮಗ. ಕಾಲೇಜು ಹುಡುಗ, ರ‍್ಯಾಪ್ ಅಂದ್ರೆ ಪ್ರಾಣ. ಅವನ ಒತ್ತಾಯಕ್ಕೆ ನಾನು ಕೇಳಿದ್ದು ಅಮೆರಿಕದ ಕೆಂಡ್ರಿಕ್ ಲಮಾರ್ ಅವರ 'ಮಿಸ್ಟರ್ ಮೊರಾಲ್ ಅಂಡ್ ದ ಬಿಗ್ ಸ್ಟೆಪರ್ಸ್'. 2022ರ ಮೇ ತಿಂಗಳಲ್ಲಿ ಬಂದದ್ದು. ಎರಡು ಭಾಗ, ಒಟ್ಟು 18 ಹಾಡು, ಸುಮಾರು 73 ನಿಮಿಷ. ಮೊದಲ ಭಾಗ ಮುಗಿಯುವಾಗ ಗಾಡಿ ಭಾಂಡುಪ್ ಆಸುಪಾಸಿನಲ್ಲಿರುತ್ತದೆ.

ಅವರ ಹಿಂದಿನ ಆಲ್ಬಮ್ 2017ರದ್ದು. ಮರುವರ್ಷ ಅದಕ್ಕೆ ಅಮೆರಿಕದ ದೊಡ್ಡ ಗೌರವವಾದ ಪುಲಿಟ್ಜರ್ ಸಂಗೀತ ಬಹುಮಾನ ಬಂತು. ಅಲ್ಲಿಯವರೆಗೆ ಆ ಬಹುಮಾನ ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಹೊರಗೆ ಹೋಗಿರಲಿಲ್ಲ. ಅಷ್ಟು ಹೆಸರು ಮಾಡಿದವರು ಐದು ವರ್ಷ ತಮ್ಮದೇ ಆಲ್ಬಮ್ ತರಲಿಲ್ಲ. ಈ ಆಲ್ಬಮ್‌ನ ಮೊದಲ ಹಾಡಿನಲ್ಲೇ 1855 ದಿನ ಅಂತ ಲೆಕ್ಕ ಹೇಳುತ್ತಾರೆ. ನಾನು ಕ್ಯಾಲೆಂಡರ್ ಹಿಡಿದು ಎಣಿಸಿದೆ. ಸರಿಯಾಗಿದೆ.

ಇದರಲ್ಲಿ ಬೀದಿಯ ಕಥೆ ಕಡಿಮೆ. ಮನೆಯ ಕಥೆ ಜಾಸ್ತಿ. ಅಪ್ಪ, ಅಮ್ಮ, ಸಂಗಾತಿ, ತಾನು ಮಾಡಿದ ತಪ್ಪು.

ನಮ್ಮವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯ. ಒಂದು ಹಾಡಿದೆ, 'ವಿ ಕ್ರೈ ಟುಗೆದರ್'. ಹಾಡು ಅನ್ನೋದಕ್ಕಿಂತ ಜಗಳ ಅನ್ನಬೇಕು. ಒಂದು ಗಂಡು, ಒಂದು ಹೆಣ್ಣು, ಐದೂವರೆ ನಿಮಿಷಕ್ಕೂ ಮೇಲೆ ಬೈದಾಡಿಕೊಳ್ಳುತ್ತಾರೆ. ಹುಡುಗ ಒಂದು ಭಾನುವಾರ ಅದನ್ನು ಸ್ಪೀಕರ್‌ನಲ್ಲಿ ಹಾಕಿದ್ದ. ಚಾಳಿನ ಗೋಡೆ ನಿಮಗೆ ಗೊತ್ತಲ್ವಾ? ಪಕ್ಕದ ಮನೆಯ ಮರಾಠಿ ಅಜ್ಜಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲು ಬಡಿದರು. "ಕಾಯ್ ಝಾಲಂ?" ಏನಾಯ್ತು ಅಂತ ಕೇಳಿದರು. ಇಂಗ್ಲಿಷ್ ಬಾರದ ಅವರಿಗೂ ಅದು ಗಂಡಹೆಂಡಿರ ಜಗಳ ಅಂತ ತಿಳಿದಿತ್ತು. ಕಲೆಗಾರಿಕೆ ಅಂದರೆ ಇದೇ ಅಂತ ನನಗೆ ಅನ್ನಿಸುತ್ತದೆ. ಆದರೆ ಎರಡನೇ ಸಲ ಕೇಳಲು ನನ್ನಿಂದ ಆಗಲಿಲ್ಲ.

ತಾಳಮದ್ದಳೆಯಲ್ಲಿ ಅರ್ಥ ಹೇಳುವ ನಮ್ಮ ಹಿರಿಯರೊಬ್ಬರಿಗೆ ಇದನ್ನು ಕೇಳಿಸಿದೆ. ಬೈಗುಳಕ್ಕೆ ಮುಖ ಸಿಂಡರಿಸಿದರು, ಆದರೂ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ವೇಷ ಇಲ್ಲ, ರಂಗ ಇಲ್ಲ, ಬರೀ ಮಾತಿನಲ್ಲಿ ಇಬ್ಬರನ್ನೂ ಕಣ್ಣೆದುರು ನಿಲ್ಲಿಸಿದ್ದಾರೆ ಮಾರಾಯ್ರೆ" ಅಂದರು. ಉಳಿದ ಹಾಡುಗಳನ್ನೂ ಕೇಳಿಸಿದ ಮೇಲೆ ಅವರದೊಂದು ತಕರಾರು ಬಂತು. ತಾಳಮದ್ದಳೆಯಲ್ಲಿ ಅರ್ಥಧಾರಿ ಉದ್ದ ಎಳೆದರೆ ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಇಲ್ಲಿ ಹಾಗೆ ಪದ ಎತ್ತುವವರು ಯಾರೂ ಇರಲಿಲ್ಲ ಅಂತ. ನಾನು ಒಪ್ಪುತ್ತೇನೆ. ನಾಲ್ಕು ಹಾಡು ಕೈಬಿಟ್ಟಿದ್ದರೆ ಆಲ್ಬಮ್‌ಗೆ ಏನೂ ನಷ್ಟ ಇರಲಿಲ್ಲ.

ನನ್ನ ಗೆಳತಿ ಒಬ್ಬರು ಟೀಚರ್. ಅವರದು ಇದಕ್ಕಿಂತ ಗಟ್ಟಿ ಆಕ್ಷೇಪ. ಹುಡುಗಿಯೊಬ್ಬಳ ಮೇಲಿನ ಹಲ್ಲೆಯ ಕೇಸಿನಲ್ಲಿ ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡ ಇನ್ನೊಬ್ಬ ರ‍್ಯಾಪರ್ ಈ ಆಲ್ಬಮ್‌ನಲ್ಲಿ ಮತ್ತೆ ಮತ್ತೆ ಬರುತ್ತಾನೆ. ಅದೇ ಆಲ್ಬಮ್‌ನ ಕೊನೆಯ ಹೊತ್ತಿಗೆ 'ಮದರ್ ಐ ಸೋಬರ್' ಇದೆ. ಅಮ್ಮನ ಮೇಲೆ ನಡೆದ ದೌರ್ಜನ್ಯವನ್ನು ಮಗ ಪಿಯಾನೋ ಜೊತೆ ಮೆಲ್ಲಗೆ ಹೇಳಿಕೊಳ್ಳುವ ಹಾಡು. ಸುಮಾರು ಏಳು ನಿಮಿಷ. ದಾದರ್ ದಾಟಿದ ಮೇಲೆ ಬರುತ್ತದೆ. ಗಾಡಿ ಅಷ್ಟೊತ್ತಿಗೆ ಸ್ವಲ್ಪ ಖಾಲಿಯಾಗಿರುತ್ತದೆ, ಕೇಳುವುದಕ್ಕೆ ಅದೇ ಒಳ್ಳೇದು. "ಆ ಹಾಡು ಬರೆದವರು ಇವನನ್ನು ಯಾಕೆ ಪಕ್ಕದಲ್ಲಿ ಕೂರಿಸಿಕೊಂಡರು?" ಅಂತ ಗೆಳತಿ ಕೇಳುತ್ತಾರೆ. ತಪ್ಪು ಮಾಡಿದವರಿಗೂ ದಾರಿ ಇದೆ ಅಂತ ತೋರಿಸಲು, ಅಂತ ಹುಡುಗನ ವಾದ. ನನಗೆ ಆ ವಾದ ಸಾಲದು. ನೊಂದವರಿಗೆ ಅದು ಇನ್ನೊಂದು ಪೆಟ್ಟು.

ಹಾಗಾದರೆ ಯಾಕೆ ಈ ಆಲ್ಬಮ್ ಬಗ್ಗೆ ಮಾತಾಡುತ್ತಿದ್ದೇನೆ? 'ಫಾದರ್ ಟೈಮ್' ಎಂಬ ಹಾಡಿಗಾಗಿ. ಅಳಬಾರದು, ಸೋಲಬಾರದು ಅಂತ ಬೆಳೆಸಿದ ಅಪ್ಪನ ಬಗ್ಗೆ ಇದೆ. ಅಪ್ಪನ ತಾಯಿ ತೀರಿಕೊಂಡಿದ್ದಾರೆ. ಇಷ್ಟು ಬೇಗ ಕೆಲಸಕ್ಕೆ ಯಾಕೆ ಹೊರಟೆ ಅಂತ ಮಗ ಕೇಳುತ್ತಾನೆ. ಬದುಕು ಅಂದ್ರೆ ಇಷ್ಟೇ, ಖರ್ಚು ಕಾಯುವುದಿಲ್ಲ ಅನ್ನುವ ಅರ್ಥದ ಉತ್ತರ ಬರುತ್ತದೆ.

ಹುಡುಗನ ಅಪ್ಪ, ನಮ್ಮ ಭಾವ, ಮೂವತ್ತು ವರ್ಷದಿಂದ ಹೋಟೆಲಿನ ಕೆಲಸದಲ್ಲಿದ್ದಾರೆ. ಕುಂದಾಪುರದ ಕಡೆಯವರು. ಅವರ ಅಮ್ಮ ಹೋದಾಗ ಹದಿಮೂರನೇ ದಿನಕ್ಕೂ ನಿಲ್ಲದೆ ಮುಂಬೈಗೆ ವಾಪಸ್ ಬಂದಿದ್ದರು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಹೋದ ತಿಂಗಳು ಹುಡುಗ ಇಯರ್‌ಫೋನಿನ ಒಂದು ಬದಿಯನ್ನು ಅಪ್ಪನ ಕಿವಿಗೆ ಇಟ್ಟ. ಒಂದೊಂದೇ ಸಾಲು ನಿಲ್ಲಿಸಿ ಕನ್ನಡದಲ್ಲಿ ಹೇಳಿದ. ನಾನು ಅಲ್ಲೇ ಕೂತಿದ್ದೆ. ಭಾವ ಸುಮ್ನೆ ಕೇಳಿದರು. ಹಾಡು ಮುಗಿದು ಎಷ್ಟೋ ಹೊತ್ತಿನ ಮೇಲೆ ಹೇಳಿದರು:

"ಪನ್ವೇಲ್‌ವರೆಗೂ ಬಸ್ಸಲ್ಲಿ ಅಳ್ತಾ ಬಂದೆ. ಅಲ್ಲಿ ಇಳಿದು ಮುಖ ತೊಳ್ಕೊಂಡೆ. ಸೀದಾ ಡ್ಯೂಟಿಗೆ ಹೋದೆ."

ಹುಡುಗ ಆ ಹಾಡನ್ನು ಮತ್ತೆ ಮೊದಲಿಂದ ಹಾಕಿದ.