ಸೂರ್ಯನ ಗಾಳಿ, ಶನಿಯ ತೂಬು

(ಗೌರಿಬಿದನೂರಿನಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಗೌರಿಬಿದನೂರಿನವರ ಮುಂದೆ ಸೂರ್ಯನ ವಿಷಯ ಮಾತಾಡುವುದೆಂದರೆ ನೀರಗಂಟಿಗೆ ಕೆರೆಯ ಅಳತೆ ಹೇಳಿದ ಹಾಗೆ. ಊರಾಚೆಯ ರೇಡಿಯೊ ವೀಕ್ಷಣಾಲಯ 1976ರಿಂದ ಇದೆ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳು. ಪೂರ್ವ-ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್. ದೂರದಿಂದ ನೋಡಿದವರು "ಇದೇನ್ ಸಾರ್, ದ್ರಾಕ್ಷಿ ಚಪ್ಪರಾನಾ?" ಅಂದರೆ ತಪ್ಪಿಲ್ಲ. ಅದೇ ಆವರಣದಲ್ಲಿ 1997ರಿಂದ ಇನ್ನೊಂದು ಆಂಟೆನಾ ಸಾಲು ಸೂರ್ಯನ ಕರೋನಾವನ್ನು, ಅಂದರೆ ಹೊರ ವಾತಾವರಣವನ್ನು, ಗಮನಿಸುತ್ತಿದೆ. ಇವತ್ತಿನ ಕಥೆ ಹೊರಡುವುದು ಆ ಕರೋನಾದಿಂದಲೇ.

ಕರೋನಾ ಎಷ್ಟು ಬಿಸಿಯೆಂದರೆ ಸೂರ್ಯನ ಗುರುತ್ವಕ್ಕೂ ಅದನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಎಲೆಕ್ಟ್ರಾನು, ಪ್ರೋಟಾನುಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಗೆ ಹರಿಯುತ್ತಲೇ ಇರುತ್ತವೆ. ಇದೇ ಸೌರ ಮಾರುತ. 1958ರಲ್ಲಿ ಯೂಜೀನ್ ಪಾರ್ಕರ್ ಇದನ್ನು ಲೆಕ್ಕ ಹಾಕಿ ಹೇಳಿದಾಗ ನಂಬಿದವರು ಕಡಿಮೆ. ಈ ಗಾಳಿ ಬರಿಗೈಲಿ ಹೊರಡುವುದಿಲ್ಲ, ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಹೋಗುತ್ತದೆ. ದೀಪಾವಳಿಯ ಭೂಚಕ್ರ ನೆನಪಿಸಿಕೊಳ್ಳಿ. ಒಂದೊಂದು ಕಿಡಿಯೂ ನೆಟ್ಟಗೆ ಹೊರಗೆ ಹಾರುತ್ತದೆ. ಚಕ್ರ ತಿರುಗುತ್ತಿರುವುದರಿಂದ ಕಿಡಿಗಳ ಸಾಲು ಮಾತ್ರ ಸುರುಳಿಯಾಗಿ ಕಾಣುತ್ತದೆ. ಸೂರ್ಯನ ಕಾಂತರೇಖೆಗಳೂ ಹಾಗೆಯೇ. ಭೂಮಿಯ ಹತ್ತಿರ ಅವು ಸುಮಾರು 45 ಡಿಗ್ರಿ ಓರೆ, ಗುರು-ಶನಿಗಳ ಹತ್ತಿರ ಬಹುತೇಕ ಅಡ್ಡಡ್ಡ. ಇದರ ಮೇಲೆ ಅಲೆಗಳು, ಸೌರಸ್ಫೋಟಗಳು ಬಂದು ರೇಖೆಗಳನ್ನು ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ ವಾಲಿಸುತ್ತವೆ.

ಆ ವಾಲು ಯಾಕೆ ಮುಖ್ಯ? ಕಾಂತಕ್ಷೇತ್ರದ ಬಲ ಅಳೆಯುವ ಮಾನ ನ್ಯಾನೊಟೆಸ್ಲಾ; ಭೂಮಿಯ ಹತ್ತಿರ ಈ ಕ್ಷೇತ್ರ ಸುಮಾರು 5 ನ್ಯಾನೊಟೆಸ್ಲಾ. ನಾವು ಕೂತಿರುವ ನೆಲದ ಮೇಲೆ ಭೂಮಿಯದೇ ಕ್ಷೇತ್ರ 40,000ದ ಆಸುಪಾಸು. ಆನೆಯ ಎದುರು ಇರುವೆ. ಆದರೆ ಎದುರುಬದುರು ದಿಕ್ಕಿನ ಕಾಂತರೇಖೆಗಳು ಒಂದಕ್ಕೊಂದು ತಾಗಿದರೆ ಕಡಿದು, ಹೊಸದಾಗಿ ಬೆಸೆದುಕೊಳ್ಳುತ್ತವೆ. ಭೂಮಿಯ ಸಮಭಾಜಕದ ಮೇಲೆ ದಿಕ್ಸೂಚಿ ಉತ್ತರ ತೋರಿಸುತ್ತದಲ್ಲ, ಅದಕ್ಕೆ ಎದುರಾಗಿ ದಕ್ಷಿಣಕ್ಕೆ ವಾಲಿದ ಗಾಳಿ ಬಂದರೆ ನಮ್ಮ ಕಾಂತಗೋಳದ, ಅಂದರೆ ಭೂಮಿಯ ಕಾಂತಕ್ಷೇತ್ರದ ಕೋಟೆಯ, ಬಾಗಿಲು ತೆಗೆಯುತ್ತದೆ. 1961ರಲ್ಲಿ ಜೇಮ್ಸ್ ಡಂಜಿ ಕೊಟ್ಟ ವಿವರಣೆ ಇದು. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ಅಂಥ ಸೌರ ಬಿರುಗಾಳಿಯಿಂದ. ನಮ್ಮ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಅಳೆಯುವುದರಲ್ಲಿ ಈ ವಾಲೂ ಒಂದು.

ಈಗ ಅದೇ ದಿಕ್ಸೂಚಿಯನ್ನು ಶನಿಗೆ ಒಯ್ಯಿರಿ. ಅಲ್ಲಿ ಅದು ದಕ್ಷಿಣ ತೋರಿಸುತ್ತದೆ! ಗುರುವಿನಲ್ಲೂ ಅಷ್ಟೆ. ನಮಗೆ ಬಾಗಿಲು ತೆಗೆಯುವ ಗಾಳಿ ಅವರಿಗೆ ಅಗುಳಿ ಹಾಕುತ್ತದೆ; ಉತ್ತರಕ್ಕೆ ವಾಲಿದ್ದೇ ಅವರಿಗೆ ಬೇಕು. ಶನಿಕಾಟದ ವಿಷಯ ನನ್ನನ್ನು ಕೇಳಬೇಡಿ, ಆದರೆ ಪುರಾಣದಲ್ಲಿ ಶನಿ ಸೂರ್ಯನ ಮಗ, ಅಪ್ಪ-ಮಗನಿಗೆ ಆಗಿಬರುವುದಿಲ್ಲ. ಅಪ್ಪನ ಕಾಟ ಮಗನಿಗೆ ಎಷ್ಟೆಂಬುದಕ್ಕೆ ನಮ್ಮ ಬಳಿ ಚಿತ್ರಗಳೇ ಇವೆ.

2004ರ ಜನವರಿ. ಕಸ್ಸಿನಿ ನೌಕೆ ಶನಿಯನ್ನು ಇನ್ನೂ ತಲುಪಿರಲಿಲ್ಲ, ದಾರಿಯಲ್ಲಿ ಸೌರ ಮಾರುತವನ್ನು ಅಳೆಯುತ್ತಾ ಹೋಗುತ್ತಿತ್ತು. ಅದೇ ದಿನಗಳಲ್ಲಿ ಹಬಲ್ ದೂರದರ್ಶಕ ಶನಿಯ ದಕ್ಷಿಣ ಧ್ರುವದ ನೇರಳಾತೀತ ಚಿತ್ರ ತೆಗೆಯುತ್ತಿತ್ತು. ತಿಂಗಳ ಕೊನೆಯ ವಾರದಲ್ಲಿ ಒಂದು ಆಘಾತ ತರಂಗ ಬಂದು ಬಡಿಯಿತು, ಧ್ರುವಪ್ರಭೆ, ಅಂದರೆ ಕಣಗಳು ಬಂದು ಬಡಿದಾಗ ಧ್ರುವದ ಸುತ್ತ ಬಳೆಯಂತೆ ಹೊಳೆಯುವ ಬೆಳಕು, ಭಗ್ಗನೆ ಉರಿಯಿತು. ಸೋಜಿಗ ಏನೆಂದರೆ, ಭೂಮಿಯಲ್ಲಿ ಬಿರುಗಾಳಿ ಬಂದರೆ ಪ್ರಭೆಯ ಬಳೆ ಹಿಗ್ಗಿ ಕೆಳಗಿಳಿಯುತ್ತದೆ, ಹಾನ್ಲೆಗೆ ಕಂಡದ್ದು ಅದಕ್ಕೇ. ಶನಿಯಲ್ಲಿ ಬಳೆ ಧ್ರುವದ ಕಡೆಗೆ ಕುಗ್ಗಿತು. ಇನ್ನೊಂದು: ಪ್ರಭೆಯ ಏರಿಳಿತಕ್ಕೆ ಹೊಂದಿದ್ದು ಮುಖ್ಯವಾಗಿ ಗಾಳಿಯ ಒತ್ತಡ, ಆ ಹೊತ್ತಿನ ಕಾಂತದಿಕ್ಕು ಅಷ್ಟಾಗಿ ಅಲ್ಲ.

ಹಾಗಾದರೆ ಇಷ್ಟು ಹೊತ್ತು ನಾನು ದಿಕ್ಕಿನ ಪುರಾಣ ಹೇಳಿದ್ದು ಸುಳ್ಳೇ? ಅಲ್ಲ. ನಮ್ಮ ಬಯಲುಸೀಮೆಯ ಕೆರೆಯನ್ನೇ ನೋಡಿ. ರಾಜಕಾಲುವೆಯಿಂದ ನೀರು ದಿನಗಟ್ಟಲೆ ಬಂದು ತುಂಬುತ್ತದೆ. ಬಯಲಿಗೆ ಹರಿಯುವುದು ನೀರಗಂಟಿ ತೂಬು ಎತ್ತಿದಾಗ. ಶನಿಯ ಬಳಿ ಸೌರಕ್ಷೇತ್ರ ಬರೀ ಅರ್ಧ ನ್ಯಾನೊಟೆಸ್ಲಾದಷ್ಟು, ಕಾಲುವೆ ಸಣ್ಣದು. ಉತ್ತರಕ್ಕೆ ವಾಲಿದಾಗೆಲ್ಲ ಅಷ್ಟಷ್ಟು ರೇಖೆಗಳು ತೆರೆದುಕೊಂಡು, ಅಂದರೆ ಒಂದು ತುದಿ ಗ್ರಹದಲ್ಲಿ, ಇನ್ನೊಂದು ಗಾಳಿಯಲ್ಲಿ ಎಂಬಂತಾಗಿ, ಗಾಳಿ ಗ್ರಹದ ಹಿಂದಕ್ಕೆ ಎಳೆದ ಕಾಂತಬಾಲದಲ್ಲಿ ಕೂಡುತ್ತವೆ. ಆಘಾತ ತರಂಗ ಬಾಲವನ್ನು ಹಿಂಡಿದಾಗ ಅವೆಲ್ಲ ಒಟ್ಟಿಗೆ ಮುಚ್ಚಿಕೊಂಡು ಕಣಗಳನ್ನು ಧ್ರುವಕ್ಕೆ ಸುರಿಯುತ್ತವೆ. ಬಳೆ ಇರುವುದು ಧ್ರುವದ ಸುತ್ತ ತೆರೆದ ರೇಖೆಗಳಿರುವ ಜಾಗದ ಅಂಚಿನಲ್ಲಿ; ಆ ಜಾಗ ಕಡಿಮೆಯಾದ್ದರಿಂದ ಬಳೆಯೂ ಕುಗ್ಗುತ್ತದೆ. ತುಂಬುವುದು ದಿಕ್ಕು, ತೂಬು ಎತ್ತುವುದು ಒತ್ತಡ. ನನಗೆ ಈ ವಿವರಣೆ ಒಪ್ಪಿಗೆ.

ಗುರು ಬೇರೆಯೇ ಮನೆತನ. ಅವನಿಗೆ ಕಾಲುವೆ ನೀರು ಬೇಕಿಲ್ಲ, ಮನೆಯಲ್ಲೇ ಊಟೆ ಇದೆ. ಉಪಗ್ರಹ ಐಯೋದ ಜ್ವಾಲಾಮುಖಿಗಳಿಂದ ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕ, ಆಮ್ಲಜನಕದ ಪ್ಲಾಸ್ಮಾ ಸೇರುತ್ತದೆ. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ಗ್ರಹ ಅದನ್ನೂ ತನ್ನ ಜತೆ ಗರಗರ ತಿರುಗಿಸಲು ಹೊರಡುತ್ತದೆ. ದೂರ ಹೋದಂತೆ ಪ್ಲಾಸ್ಮಾ ಹಿಂದೆ ಬೀಳುತ್ತದೆ, ಆ ಎಳೆದಾಟದಲ್ಲಿ ವಿದ್ಯುತ್ ಹರಿದು ಪ್ರಭೆ ಬೆಳಗುತ್ತದೆ. ಆದ್ದರಿಂದ ಗುರುವಿನ ಮುಖ್ಯ ಬಳೆ ಆರುವುದೇ ಇಲ್ಲ. ಸೌರ ಮಾರುತ ಅಲ್ಲಿ ಎಷ್ಟು ಬಾಗಿಲು ತೆಗೆಯುತ್ತದೆ ಎಂಬುದರ ಮೇಲೆ ವಿಜ್ಞಾನಿಗಳ ಜಗಳ ನಿಂತಿಲ್ಲ, 2016ರಲ್ಲಿ ಜೂನೋ ನೌಕೆ ಹೋದಮೇಲೂ. ಅಂದಹಾಗೆ, ಗುರುವಿನ ಧ್ರುವಗಳ ರೇಡಿಯೊ ಸದ್ದು 40 ಮೆಗಾಹರ್ಟ್ಸ್‌ವರೆಗೂ ಬರುತ್ತದೆ. ನಿಮ್ಮೂರಿನ ‘ದ್ರಾಕ್ಷಿ ಚಪ್ಪರ’ದ ಶ್ರುತಿ 34.5.

ಯುರೇನಸ್ ವಿಚಾರ ಚಿಕ್ಕದಾಗಿ. ಅದು ಮಲಗಿಕೊಂಡೇ ತಿರುಗುವ ಗ್ರಹ, ಕಾಂತ ಅಕ್ಷ ಬೇರೆ 59 ಡಿಗ್ರಿ ಸೊಟ್ಟ. ಹದಿನೇಳು ಗಂಟೆಯ ಒಂದು ಸುತ್ತಿನಲ್ಲೇ ಬಾಗಿಲು ತೆಗೆದು ಮುಚ್ಚುತ್ತಿರುತ್ತದೆ. 2011ರಲ್ಲಿ ಸೂರ್ಯನಿಂದ ಹೊರಟ ಸ್ಫೋಟ ಅಲ್ಲಿಗೆ ಮುಟ್ಟಲು ಸುಮಾರು ಎರಡು ತಿಂಗಳು ಬೇಕೆಂದು ಲೆಕ್ಕ ಹಾಕಿ, ಸರಿಯಾಗಿ ನವೆಂಬರಿನಲ್ಲಿ ಹಬಲ್ಲನ್ನು ತಿರುಗಿಸಿ ಪ್ರಭೆಯನ್ನು ಹಿಡಿದರು. ನೆಪ್ಚೂನಿನದು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿತು, ಚಿತ್ರ ಹೊರಬಂದದ್ದು 2025ರ ಮಾರ್ಚಿನಲ್ಲಿ. ಅಲ್ಲಿ ಪ್ರಭೆ ಧ್ರುವದಲ್ಲೇ ಇಲ್ಲ, ನಡು ಅಕ್ಷಾಂಶಗಳಲ್ಲಿದೆ. ಆದ್ದರಿಂದ ‘ಧ್ರುವಪ್ರಭೆ’ ಅನ್ನುವ ನಮ್ಮ ಪದವೇ ಅಲ್ಲಿಗೆ ಒಗ್ಗುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬೇರೆ ಪದ ಹೊಳೆದರೆ ಹೇಳಿ.

ಈಗ ಪ್ರಶ್ನೆ ಕೇಳಿ. ಹಿಂದಿನ ಬೆಂಚಿನವರು ಮೊದಲು.